ನೆಟ್ಟಗೆ ನಿಂತರೆ ಸಾಕೆ?

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆ ಫಿಸಿಯೋಥೆರಪಿ ಕೇಂದ್ರದ ಬೋರ್ಡು ಕಾಣಲು ಹೆಚ್ಚು ದೂರ ನಡೆಯಬೇಕಿಲ್ಲ. ಬೋರ್ಡಿನಲ್ಲಿ ಬೆನ್ನುಮೂಳೆಯ ಚಿತ್ರ, ಪಕ್ಕದಲ್ಲಿ ‘ಪೋಶ್ಚರ್ ಕರೆಕ್ಷನ್’ ಎಂಬ ಮಾತು. ಒಳಗೆ ಬರುವವರು ಎರಡು ಪೀಳಿಗೆಯವರು. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಕುತ್ತಿಗೆ ಹಿಡಿದುಕೊಂಡ ಇಪ್ಪತ್ತು ಮೂವತ್ತರವರು ಒಂದು ಕಡೆ. ಮಂಡಿನೋವು, ಪಾರ್ಶ್ವವಾಯು, ಬಿದ್ದು ಮುರಿದ ಮೂಳೆ ಎಂದು ಬರುವ ಅರವತ್ತು ದಾಟಿದವರು ಇನ್ನೊಂದು ಕಡೆ. 1948ರಲ್ಲಿ ಶುರುವಾದ ಜಯನಗರದಂಥ ಹಳೆಯ ಬಡಾವಣೆಯಲ್ಲಿ ಈ ಎರಡನೆಯವರು ಬೀದಿಬೀದಿಗೂ ಇದ್ದಾರೆ.

ಮೊದಲನೆಯವರ ಫೋಟೋ ತೆಗೆದು, ಅದರ ಮೇಲೆ ಗೆರೆ ಎಳೆದು, ತಲೆ ಎಷ್ಟು ಡಿಗ್ರಿ ಮುಂದಕ್ಕೆ ಬಂದಿದೆ ಎಂದು ಬಣ್ಣದ ವರದಿ ಕೊಡುವುದು ಈಗ ವಾಡಿಕೆ. ಎರಡನೆಯವರ ಸಮತೋಲವನ್ನು ಮಾತ್ರ ಎಷ್ಟೋ ಸಲ ಅವರು ಬಿದ್ದ ಮೇಲೆಯೇ ಅಳೆಯುತ್ತೇವೆ. ಇದು ತಲೆಕೆಳಗಾದ ಕ್ರಮ. ನಿಲುವನ್ನು ಬೇಕಾದ್ದಕ್ಕಿಂತ ಹೆಚ್ಚು ಅಳೆಯುತ್ತಿದ್ದೇವೆ, ಸಮತೋಲವನ್ನು ತೀರಾ ಕಡಿಮೆ. ಎರಡನ್ನು ಅಳೆಯುವಾಗಲೂ ಆ ವ್ಯಕ್ತಿ ಎಂಥ ಮನೆಯಲ್ಲಿ, ಎಂಥ ಬೀದಿಯಲ್ಲಿ ಓಡಾಡುತ್ತಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಬೀಳುವುದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಇವುಗಳಲ್ಲಿ ಶೇ 80ಕ್ಕಿಂತ ಹೆಚ್ಚು ಸಾವುಗಳು ಆಗುವುದು ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ.

ನಾವು ನಿಂತಿರುವುದು ಮೂರು ಮೂಲಗಳಿಂದ ಬರುವ ಸುದ್ದಿಯ ಬಲದ ಮೇಲೆ. ಕಣ್ಣು ಸುತ್ತಲಿನ ನೇರವನ್ನು ತಿಳಿಸುತ್ತದೆ. ಒಳಗಿವಿಯ ಮೂರು ಅರ್ಧವರ್ತುಲ ನಾಳಗಳು ಮತ್ತು ಅವುಗಳ ಬುಡದ ಎರಡು ಚೀಲಗಳು ತಲೆ ತಿರುಗಿದ್ದನ್ನು, ವಾಲಿದ್ದನ್ನು ಹೇಳುತ್ತವೆ. ಪಾದದ ಚರ್ಮ, ಸ್ನಾಯು, ಕೀಲುಗಳು ನೆಲ ಹೇಗಿದೆ, ಕಾಲು ಎಲ್ಲಿದೆ ಎಂಬ ವರದಿಯನ್ನು ಬೆನ್ನುಹುರಿಯ ಹಿಂಭಾಗದ ಮೂಲಕ ಮೇಲಕ್ಕೆ ಕಳಿಸುತ್ತವೆ. ಕಿರುಮೆದುಳು ಇವನ್ನೆಲ್ಲ ಹೊಂದಿಸಿ ಸ್ನಾಯುಗಳಿಗೆ ಆಜ್ಞೆ ಕೊಡುತ್ತದೆ. ಮೂರರಲ್ಲಿ ಒಂದು ಕೈಕೊಟ್ಟರೆ ಉಳಿದೆರಡು ನಿಭಾಯಿಸುತ್ತವೆ. ಹಾಗಾಗಿ ಒಂದು ಹಾಳಾದದ್ದು ವರ್ಷಗಟ್ಟಲೆ ಗೊತ್ತೇ ಆಗದಿರಬಹುದು. ಪರೀಕ್ಷೆ ಮಾಡುವವರ ಕೆಲಸ ಈ ನಿಭಾವಣೆಯನ್ನು ಬೇಕೆಂದೇ ತಪ್ಪಿಸಿ, ಏನಾಗುತ್ತದೆ ಎಂದು ನೋಡುವುದು.

1840ರ ದಶಕದಲ್ಲಿ ಬರ್ಲಿನ್‌ನ ವೈದ್ಯ ಮೊರಿಟ್ಜ್ ರೋಂಬರ್ಗ್ ಬರೆದಿಟ್ಟ ಪರೀಕ್ಷೆಯಲ್ಲಿರುವುದು ಇದೇ ತತ್ವ. ಪಾದಗಳನ್ನು ಜೋಡಿಸಿ ನಿಲ್ಲಿಸಬೇಕು. ಸ್ಥಿರವಾಗಿದ್ದರೆ ಕಣ್ಣು ಮುಚ್ಚಿಸಬೇಕು. ಕಣ್ಣು ಬಿಟ್ಟಾಗ ನೆಟ್ಟಗೆ ನಿಂತವರು ಮುಚ್ಚಿದ ಕೂಡಲೇ ತೂರಾಡಿ ಕಾಲು ಕಿತ್ತಿಟ್ಟರೆ, ಪಾದದಿಂದ ಬರಬೇಕಾದ ಸುದ್ದಿ ಬರುತ್ತಿಲ್ಲ ಅಥವಾ ಒಳಗಿವಿ ಸೋತಿದೆ ಎಂದರ್ಥ. ಕಣ್ಣು ತೆರೆದಿದ್ದಾಗಲೇ ನಿಲ್ಲಲಾರದವರ ತೊಂದರೆ ಕಿರುಮೆದುಳಿನಲ್ಲೋ ಬೇರೆಲ್ಲೋ ಇರಬೇಕು. ರೋಂಬರ್ಗ್ ಕಾಲದಲ್ಲಿ ಇದಕ್ಕೆ ಸಿಕ್ಕಿಬೀಳುತ್ತಿದ್ದವರು ಸಿಫಿಲಿಸ್‌ನಿಂದ ಬೆನ್ನುಹುರಿ ಕೆಟ್ಟವರು. ಇಂದಿನ ದಕ್ಷಿಣ ಬೆಂಗಳೂರಿನಲ್ಲಿ ಕಾರಣಗಳು ಬೇರೆ: ಸಕ್ಕರೆ ಕಾಯಿಲೆಯಿಂದ ಪಾದದ ನರ ಮಂಕಾದವರು ಮತ್ತು ಬಿ12 ಕೊರತೆಯವರು. ಬಿ12 ಕಡಿಮೆಯಾದರೆ ಹಾಳಾಗುವುದು ಬೆನ್ನುಹುರಿಯ ಅದೇ ಹಿಂಭಾಗ. ಕಟ್ಟಾ ಸಸ್ಯಾಹಾರಿಗಳಲ್ಲಿ ಈ ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದರೂ ಬಿ12 ಇಳಿಯುತ್ತದೆ. ಈ ಎರಡೂ ಒಬ್ಬರಲ್ಲೇ ಸೇರಿದ ಹಿರಿಯರು ಜಯನಗರದ ಯಾವ ಬ್ಲಾಕಿನಲ್ಲಿ ಇಲ್ಲ? ಅವರು ಹೇಳಿಕೊಳ್ಳುವ ತೊಂದರೆಯೂ ಹೆಚ್ಚುಕಡಿಮೆ ಒಂದೇ: ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಜೋಲಿ ಹೊಡೆಯುತ್ತದೆ, ತಲೆಗೆ ನೀರು ಹೊಯ್ದುಕೊಳ್ಳುವಾಗ ಗೋಡೆ ಹಿಡಿಯಬೇಕಾಗುತ್ತದೆ. ರೋಂಬರ್ಗ್ ಪರೀಕ್ಷೆಯನ್ನು ಅವರು ಬಚ್ಚಲಮನೆಯಲ್ಲಿ ದಿನವೂ ತಾವೇ ಮಾಡಿಕೊಳ್ಳುತ್ತಿದ್ದಾರೆ; ಕೇಳುವವರಿಲ್ಲ ಅಷ್ಟೇ. ಕೇಳಿದ ಫಿಸಿಯೋಥೆರಪಿಸ್ಟ್ ಅವರನ್ನು ಒಂದು ರಕ್ತಪರೀಕ್ಷೆಗೆ ಕಳಿಸಿದರೆ, ಬರೀ ವ್ಯಾಯಾಮದಿಂದ ವಾಸಿಯಾಗದ ಕಾಯಿಲೆಯೊಂದು ಸಮಯಕ್ಕೆ ಸರಿಯಾಗಿ ಸಿಕ್ಕಬಹುದು.

1986ರಲ್ಲಿ ಆನ್ ಶಮ್‌ವೇ-ಕುಕ್ ಮತ್ತು ಫೇ ಹೊರಾಕ್ ಈ ತತ್ವವನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ದಪ್ಪ ಫೋಮಿನ ಮೇಲೆ ನಿಲ್ಲಿಸಿದರೆ ಪಾದದ ಸುದ್ದಿ ಕಲಬೆರಕೆಯಾಗುತ್ತದೆ. ಅಲ್ಲೇ ಕಣ್ಣನ್ನೂ ಮುಚ್ಚಿಸಿದರೆ ಉಳಿಯುವುದು ಒಳಗಿವಿಯೊಂದೇ. ಒಂದು ತುಂಡು ಫೋಮು ಸಾಕು. ಪಾದ ಒತ್ತುವ ಬಲವನ್ನು ಅಳೆಯುವ, ಲಕ್ಷಗಟ್ಟಲೆ ಬೆಲೆಯ ಫೋರ್ಸ್ ಪ್ಲೇಟ್ ಇಲ್ಲದ ಸಣ್ಣ ಕೇಂದ್ರದಲ್ಲೂ ಇದನ್ನು ಮಾಡಬಹುದು.

ಅಂಕ ಕೊಡುವ ಪರೀಕ್ಷೆಗಳು ಹುಟ್ಟಿಕೊಂಡದ್ದೂ ಹೆಚ್ಚಾಗಿ 1980ರ ದಶಕದಲ್ಲಿ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ‘ಟೈಮ್ಡ್ ಅಪ್ ಅಂಡ್ ಗೋ’. ಕೈಯಿರುವ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಎಷ್ಟು ಸೆಕೆಂಡು ಹಿಡಿಯಿತು ಎಂದು ನೋಡಬೇಕು. 1986ರಲ್ಲಿ ಬಂದ ಮೂಲ ಪರೀಕ್ಷೆಗೆ 1991ರಲ್ಲಿ ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ಗಡಿಯಾರ ಸೇರಿಸಿದರು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ. 13.5 ಎಂದವರಿದ್ದಾರೆ. 2022ರ ಜಾಗತಿಕ ಮಾರ್ಗಸೂಚಿ 15ಕ್ಕಿಂತ ಹೆಚ್ಚು ಎನ್ನುತ್ತದೆ. ತಜ್ಞರೇ ಒಂದು ಗೆರೆಗೆ ಒಪ್ಪದಿರುವಾಗ ಆ ಗೆರೆಯನ್ನೇ ನಂಬಿ ಕೂರುವುದು ಸರಿಯಲ್ಲ.

ಎಪ್ಪತ್ತು ದಾಟಿದ ಸೀರೆಯುಟ್ಟ ಅಜ್ಜಿಯೊಬ್ಬರು ಈ ಪರೀಕ್ಷೆ ಕೊಡುತ್ತಿದ್ದಾರೆ ಎಂದುಕೊಳ್ಳಿ. ಮೊದಲ ಸಲ ಏಳಲು ಹೋಗಿ ಅರ್ಧಕ್ಕೇ ಕೂರುತ್ತಾರೆ. ಎರಡನೆಯ ಸಲ ಕುರ್ಚಿಯ ಕೈಯನ್ನು ಅದುಮಿ ಏಳುತ್ತಾರೆ. ಎದ್ದು ಒಂದು ಕ್ಷಣ ಹಾಗೇ ನಿಲ್ಲುತ್ತಾರೆ. ಎಡಗೈ ನೆರಿಗೆಗೆ ಹೋಗುತ್ತದೆ, ಬಲಗೈ ಆಸರೆ ಹುಡುಕುತ್ತದೆ. ನಡಿಗೆ ಪರವಾಗಿಲ್ಲ. ತಿರುಗುವ ಜಾಗ ಬಂದಾಗ ತಲೆ, ಭುಜ, ಸೊಂಟ ಒಟ್ಟಿಗೇ ತಿರುಗುತ್ತವೆ; ಎರಡು ಹೆಜ್ಜೆಯಲ್ಲಿ ಮುಗಿಯಬೇಕಾದ ತಿರುವಿಗೆ ಐದಾರು ಪುಟ್ಟ ಹೆಜ್ಜೆ. ಮೀನಖಂಡ ಕುರ್ಚಿಗೆ ತಾಕುವ ಮೊದಲೇ ದೊಪ್ಪನೆ ಕೂರುತ್ತಾರೆ. ಸ್ಟಾಪ್‌ವಾಚು 11 ಸೆಕೆಂಡು ತೋರಿಸುತ್ತದೆ. ಕಾಗದದ ಮೇಲೆ ಪಾಸು. ನೋಡಿದ ಕಣ್ಣಿಗೆ ಮಾತ್ರ ತೊಡೆಯ ಬಲ ಸಾಲದು, ತಿರುಗುವಾಗ ಭಯವಿದೆ, ಕೂರುವಾಗ ಹಿಡಿತವಿಲ್ಲ ಎಂಬ ಮೂರು ಸಂಗತಿ ದಕ್ಕಿರುತ್ತದೆ. ಚಿಕಿತ್ಸೆ ಶುರುವಾಗಬೇಕಾದದ್ದು ಆ ಮೂರರಿಂದ. ಒಳ್ಳೆಯ ಫಿಸಿಯೋಥೆರಪಿಸ್ಟ್ ಇವರ ಪಕ್ಕ, ತುಸು ಹಿಂದೆ, ಮುಟ್ಟದೆ ಆದರೆ ಕೈ ಸಿದ್ಧವಾಗಿಟ್ಟುಕೊಂಡು ನಡೆಯುತ್ತಾರೆ. ಗಡಿಯಾರದಷ್ಟೇ ಗಮನ ಪಾದದ ಮೇಲೂ ಇರುತ್ತದೆ. ಬೆರಳುಗಳು ಚಪ್ಪಲಿಯನ್ನು ಕಚ್ಚಿ ಹಿಡಿದಿವೆಯೇ, ಜೋಲಿ ತಪ್ಪಿದಾಗ ಹಿಮ್ಮಡಿಯ ಗಂಟಿನಲ್ಲೇ ಸರಿಪಡಿಸಿಕೊಳ್ಳುತ್ತಾರೋ, ಸೊಂಟ ಬಗ್ಗಿಸುತ್ತಾರೋ, ಕಾಲನ್ನೇ ಎತ್ತಿಡಬೇಕಾಗುತ್ತದೋ ಎಂಬುದೆಲ್ಲ ಕಣ್ಣಿಗೆ ಮಾತ್ರ ಸಿಗುವ ಮಾಹಿತಿ.

ಕೆನಡಾದ ಕ್ಯಾಥರಿನ್ ಬರ್ಗ್ 1989ರಲ್ಲಿ ಪ್ರಕಟಿಸಿದ ಮಾಪನದಲ್ಲಿ 14 ಕೆಲಸಗಳಿವೆ, ಒಂದೊಂದಕ್ಕೆ 4ರಂತೆ ಒಟ್ಟು 56 ಅಂಕ. ಆಸರೆಯಿಲ್ಲದೆ ನಿಲ್ಲುವುದು, ನೆಲದ ವಸ್ತು ಎತ್ತುವುದು, ಪೂರ್ತಿ ಒಂದು ಸುತ್ತು ತಿರುಗುವುದು, ಒಂಟಿಕಾಲಲ್ಲಿ ನಿಲ್ಲುವುದು ಹೀಗೆ. 45ಕ್ಕಿಂತ ಕಡಿಮೆಯಾದರೆ ಅಪಾಯ ಎಂಬ ಮಾತು ಎಲ್ಲ ಕಡೆ ಬೇರೂರಿದೆ. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಲ್ಲಿ ಇದು ನಿಜಕ್ಕೂ ಉಪಯುಕ್ತ. ಆದರೆ ಲಾಲ್‌ಬಾಗಿನಲ್ಲಿ ದಿನವೂ ನಡೆಯುವ ಗಟ್ಟಿಮುಟ್ಟಾದ ಹಿರಿಯರು ಇದರಲ್ಲಿ 55–56 ತೆಗೆದುಬಿಡುತ್ತಾರೆ. ಅವರಲ್ಲಿ ಕುಸಿತ ಶುರುವಾದದ್ದು ಇದಕ್ಕೆ ಗೊತ್ತಾಗುವುದಿಲ್ಲ. ಅಂಥವರಿಗೆ ಹೊರಾಕ್ ಬಳಗದ ಮಿನಿ-ಬೆಸ್ಟ್ ಪರೀಕ್ಷೆ ಮೇಲು. ಅದರಲ್ಲಿ ರೋಗಿಯನ್ನು ವಾಲಿಸಿ ಹಿಡಿದು ತಟ್ಟನೆ ಬಿಟ್ಟು ಹೇಗೆ ಸಾವರಿಸಿಕೊಳ್ಳುತ್ತಾರೆ ಎಂದು ನೋಡುವ ಭಾಗವಿದೆ, ಮತ್ತು ಜನ ಬೀಳುವುದು ಅಂಥ ಗಳಿಗೆಯಲ್ಲೇ. ಬರ್ಗ್ ಅಂಕ ಒಂದೆರಡು ಏರಿತೆಂದು ಮನೆಯವರಿಗೆ ‘ಇಂಪ್ರೂವ್‌ಮೆಂಟ್ ಇದೆ’ ಎನ್ನುವುದೂ ಸರಿಯಲ್ಲ. ಹಿರಿಯರಲ್ಲಿ ಕನಿಷ್ಠ 4 ಅಂಕ, ಆರಂಭದ ಅಂಕ ಕಡಿಮೆಯಿದ್ದವರಲ್ಲಿ 5ರಿಂದ 7 ಅಂಕ ಬದಲಾಗದೆ ಅದನ್ನು ನಿಜವಾದ ಬದಲಾವಣೆ ಎನ್ನಲಾಗದು. ಮೇರಿ ಟಿನೆಟ್ಟಿಯವರ 28 ಅಂಕದ ಮಾಪನ, ನಿಂತಲ್ಲೇ ಕೈ ಎಷ್ಟು ಮುಂದಕ್ಕೆ ಚಾಚಬಲ್ಲರು ಎಂದು ನೋಡುವ ಪಮೇಲಾ ಡಂಕನ್ ಅವರ ಪರೀಕ್ಷೆ ಕೂಡ ಬಳಕೆಯಲ್ಲಿವೆ. ಅವುಗಳ ಗುಣದೋಷವೂ ಹೆಚ್ಚುಕಡಿಮೆ ಇದೇ ಬಗೆಯದು.

ಇವೆಲ್ಲ ಕುರ್ಚಿಯ ನಾಡಿನಲ್ಲಿ ಹುಟ್ಟಿದ ಪರೀಕ್ಷೆಗಳು. ಬರ್ಗ್ ಅವರ 14 ಕೆಲಸಗಳಲ್ಲಿ ನೆಲದ ಮೇಲೆ ಕೂತು ಏಳುವುದು ಇಲ್ಲ. ನಮ್ಮ ಹಿರಿಯರು ಪೂಜೆಗೆ ನೆಲದ ಮೇಲೆ ಕೂರುತ್ತಾರೆ, ಹೂ ಕಟ್ಟುತ್ತಾರೆ, ಬೆಳಿಗ್ಗೆ ಬಾಗಿಲ ಮುಂದೆ ಬಗ್ಗಿ ರಂಗೋಲಿ ಹಾಕುತ್ತಾರೆ. ಹಳೆಯ ಮನೆಗಳ ಹೊಸ್ತಿಲು ದಾಟುತ್ತಾರೆ, ನುಣುಪಾದ ರೆಡ್ ಆಕ್ಸೈಡ್ ನೆಲದ ಮೇಲೆ ಒದ್ದೆಗಾಲಲ್ಲಿ ನಡೆಯುತ್ತಾರೆ. ಹೊರಗೆ ಬಂದರೆ ಮರದ ಬೇರು ಎತ್ತಿ ಹಾಕಿದ ಫುಟ್‌ಪಾತ್ ಕಲ್ಲು, ಪ್ರತಿ ಗೇಟಿನ ಮುಂದೆ ಅಡ್ಡಲಾಗಿ ಇಳಿಜಾರು. ರಾಗಿಗುಡ್ಡದ ಆಂಜನೇಯನನ್ನು ನೋಡಬೇಕೆಂದರೆ ಮೆಟ್ಟಿಲು ಹತ್ತಬೇಕು. ಕ್ಲಿನಿಕ್ಕಿನ ಸಮತಟ್ಟಾದ ವಿಟ್ರಿಫೈಡ್ ಟೈಲ್ಸ್ ಮೇಲೆ ಮೂರು ಮೀಟರ್ ನಡೆದದ್ದು ಇದಕ್ಕೆಲ್ಲ ಹೇಗೆ ಜಾಮೀನಾಗುತ್ತದೆ? ಬ್ರೆಜಿಲ್‌ನ ಕ್ಲಾಡಿಯೊ ಅರೌಜೊ ತಂಡ ನೆಲದಲ್ಲಿ ಕೂತು ಏಳುವುದಕ್ಕೇ 10 ಅಂಕದ ಪರೀಕ್ಷೆ ರೂಪಿಸಿದೆ; ಕೈ, ಮಂಡಿ ಊರಿದಷ್ಟೂ ಅಂಕ ಕಳೆಯುತ್ತಾರೆ. ಅದೇ ತಂಡ 51ರಿಂದ 75 ವಯಸ್ಸಿನ 1,702 ಜನರನ್ನು ಒಂಟಿಕಾಲಲ್ಲಿ 10 ಸೆಕೆಂಡು ನಿಲ್ಲಿಸಿ ನೋಡಿದ ಅಧ್ಯಯನ 2022ರಲ್ಲಿ ಬಂತು: ನಿಲ್ಲಲಾರದವರಲ್ಲಿ ಮುಂದಿನ ಸುಮಾರು ಏಳು ವರ್ಷಗಳಲ್ಲಿ ಸಾವಿನ ಅಪಾಯ ಶೇ 84ರಷ್ಟು ಹೆಚ್ಚಿತ್ತು. ಕಾಲಿನ ಸೋಲೇ ಸಾವು ತಂದಿತು ಎಂದಲ್ಲ. ಇಡೀ ದೇಹ ಬಳಲುತ್ತಿರುವುದನ್ನು ಕಾಲು ಮೊದಲು ಹೇಳಿತು. ವೃಕ್ಷಾಸನ ಗೊತ್ತಿರುವ ಊರಿಗೆ ಈ ಪರೀಕ್ಷೆ ಹೊಸದೇನಲ್ಲ. ಆದರೂ ಮಂಡಿ ಸವೆದವರಿಗೆ ನೆಲದ ಪರೀಕ್ಷೆಯನ್ನು ನೋಡಿಕೊಂಡು ಮಾಡಿಸಬೇಕು.

ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲದ ಹೊತ್ತು ನಿಂತು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ನಿಂಬೆಹಣ್ಣಿನ ದೀಪದ ತಟ್ಟೆ ಹಿಡಿದು, ದೀಪ ಆರದಂತೆ ನೋಡಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು, ಬಾಯಲ್ಲಿ ಸ್ತೋತ್ರ ಹೇಳುತ್ತ ನಡೆಯುವುದು ಒಂದೇ ಕಾಲಕ್ಕೆ ಮೂರು ನಾಲ್ಕು ಕೆಲಸ. ನಡಿಗೆ ತನ್ನಷ್ಟಕ್ಕೆ ಸಾಗುತ್ತಿದ್ದರೆ ಇದು ಸುಲಭ. ಪ್ರತಿ ಹೆಜ್ಜೆಗೂ ಗಮನ ಕೊಡಬೇಕಾದವರಿಗೆ ಅಪಾಯ. 1997ರಲ್ಲಿ ಸ್ವೀಡನ್ನಿನ ಲುಂಡಿನ್-ಓಲ್ಸನ್ ತಂಡ ವೃದ್ಧಾಶ್ರಮದ 58 ಜನರ ಜೊತೆ ನಡೆಯುತ್ತಾ ಮಾತು ತೆಗೆದು ನೋಡಿತು. ಮಾತಾಡಲು ನಡಿಗೆ ನಿಲ್ಲಿಸಿದವರು 12 ಜನ. ಅವರಲ್ಲಿ 10 ಜನ ಮುಂದಿನ ಆರು ತಿಂಗಳಲ್ಲಿ ಬಿದ್ದರು. ನಮ್ಮ ಕ್ಲಿನಿಕ್ಕುಗಳಲ್ಲಿ ನೂರರಿಂದ ಮೂರು ಮೂರು ಕಳೆಯುತ್ತಾ ನಡೆಯಿರಿ ಎನ್ನುತ್ತಾರೆ. ಲೆಕ್ಕ ಬಾರದವರಿಗೆ ತರಕಾರಿಯ ಹೆಸರು ಹೇಳಿಸಬಹುದು, ನೀರು ತುಂಬಿದ ಲೋಟ ಕೊಡಬಹುದು. ಎಂಬತ್ತರ ಅಜ್ಜನನ್ನು ಇಂಗ್ಲಿಷಿನಲ್ಲಿ ಎಣಿಸಿ ಎಂದರೆ ಅಳೆದಂತಾಗುವುದು ಇಂಗ್ಲಿಷನ್ನೇ ಹೊರತು ನಡಿಗೆಯನ್ನಲ್ಲ. ರೋಗಿಯ ಭಾಷೆಯಲ್ಲಿ, ರೋಗಿಗೆ ಗೊತ್ತಿರುವ ಕೆಲಸದಲ್ಲಿ ಪರೀಕ್ಷೆ ನಡೆಯಲಿ.

ಇನ್ನು ನಿಲುವಿನ ಮಾತು. ಗಾರೆಯವರು ಗೋಡೆಯ ನೇರ ನೋಡುವ ತೂಗುಗುಂಡನ್ನೇ ಫಿಸಿಯೋಥೆರಪಿಯೂ ಬಳಸಿಕೊಂಡಿದೆ. ಪಕ್ಕದಿಂದ ನೋಡಿದಾಗ ದಾರವು ಕಿವಿಯ ಹಾಲೆ, ಭುಜದ ತುದಿ, ತೊಡೆಯ ಮೂಳೆಯ ಉಬ್ಬಿನ ಹತ್ತಿರ, ಮಂಡಿಚಿಪ್ಪಿನ ತುಸು ಹಿಂದೆ, ಹಿಮ್ಮಡಿ ಗಂಟಿನ ತುಸು ಮುಂದೆ ಹಾಯಬೇಕು ಎಂಬುದು ಹೆನ್ರಿ ಮತ್ತು ಫ್ಲಾರೆನ್ಸ್ ಕೆಂಡಾಲ್ ದಂಪತಿಯ ಪಠ್ಯದಿಂದ ವಿದ್ಯಾರ್ಥಿಗಳ ಪೀಳಿಗೆಗಳಿಗೆ ಇಳಿದು ಬಂದ ಪಾಠ. ಅದೊಂದು ಆಧಾರರೇಖೆ. ಆ ರೇಖೆಯಿಂದ ಸರಿದವರಿಗೆಲ್ಲ ಕಾಯಿಲೆ ಎಂದು ಅದು ಹೇಳುವುದಿಲ್ಲ. ಮೊಬೈಲ್ ನೋಡಲು 60 ಡಿಗ್ರಿ ತಲೆ ತಗ್ಗಿಸಿದರೆ ಕುತ್ತಿಗೆಯ ಮೇಲೆ 27 ಕಿಲೋ ಭಾರ ಬೀಳುತ್ತದೆ ಎಂಬ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ನೋಡದವರಿಲ್ಲ. 2014ರಲ್ಲಿ ಅಮೆರಿಕದ ಬೆನ್ನುಮೂಳೆ ಸರ್ಜನ್ ಒಬ್ಬರು ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದ ಸಂಖ್ಯೆ ಅದು. ನೋವಿರುವ ಒಬ್ಬ ರೋಗಿಯನ್ನೂ ಅದಕ್ಕಾಗಿ ಪರೀಕ್ಷಿಸಿದ್ದಿಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 17 ವರ್ಷದವರ ಕೂರುವ ಭಂಗಿ ಅಳೆದು 22ರ ವಯಸ್ಸಿನಲ್ಲಿ ಕುತ್ತಿಗೆ ನೋವನ್ನು ವಿಚಾರಿಸಿದಾಗ, ಹುಡುಗರಲ್ಲಿ ಎರಡಕ್ಕೂ ಸಂಬಂಧ ಕಾಣಲಿಲ್ಲ. ಹುಡುಗಿಯರಲ್ಲಿ ಗೂನಿ ಕೂರುವವರಿಗಿಂತ ನೆಟ್ಟಗೆ ಕೂರುವವರಿಗೇ ನೋವು ಹೆಚ್ಚಿತ್ತು. ಬಿಟಿಎಂನ ಪಿ.ಜಿ.ಯಲ್ಲಿ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವ ಹುಡುಗನ ಕುತ್ತಿಗೆ ನೋವಿಗೆ ಡಿಗ್ರಿಗಿಂತ ದೊಡ್ಡ ಕಾರಣಗಳು ಅಲುಗದೆ ಕೂರುವ ಗಂಟೆಗಳು, ನಿದ್ದೆಗೇಡು, ಕೆಲಸದ ಒತ್ತಡ. ಬಣ್ಣದ ವರದಿ ಕೊಟ್ಟು ‘ನಿಮ್ಮ ಬೆನ್ನು ಸೊಟ್ಟಗಿದೆ’ ಎಂದರೆ ನೋವಿನ ಮೇಲೆ ಹೆದರಿಕೆಯೂ ಸೇರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ.

ಹಾಗೆಂದು ನಿಲುವನ್ನು ನೋಡಲೇಬಾರದೆ? ನೋಡಲೇಬೇಕಾದ ಕಡೆಗಳಿವೆ, ವಿಚಿತ್ರವೆಂದರೆ ಅಲ್ಲಿಯೇ ನೋಡುವುದು ಕಡಿಮೆ. ಬೆಳೆಯುವ ವಯಸ್ಸಿನ ಹುಡುಗಿಯನ್ನು ಮುಂದಕ್ಕೆ ಬಗ್ಗಿಸಿದಾಗ ಬೆನ್ನಿನ ಒಂದು ಪಕ್ಕ ಉಬ್ಬಿದರೆ ಅದು ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆ ಇರಬಹುದು. 1865ರಲ್ಲಿ ಇಂಗ್ಲೆಂಡಿನ ವಿಲಿಯಂ ಆಡಮ್ಸ್ ವಿವರಿಸಿದ ಈ ಪರೀಕ್ಷೆಗೆ ಒಂದು ನಿಮಿಷ ಸಾಕು. ಗೋಡೆಗೆ ಬೆನ್ನು ಕೊಟ್ಟು ನಿಂತ ಅರವತ್ತೈದರ ಮಹಿಳೆಯ ತಲೆಯ ಹಿಂಭಾಗ ಗೋಡೆಗೆ ತಾಗದಿದ್ದರೆ, ಎತ್ತರವೂ ಕುಗ್ಗಿದ್ದರೆ, ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿರಬಹುದು, ಅಂದರೆ ಮೂಳೆ ಸವೆತ. ಅದೇ ಗೋಡೆಗೆ ಮೂವತ್ತರ ಯುವಕನ ತಲೆ ತಾಗದಿದ್ದರೆ, ಬೆಳಗಿನ ಹೊತ್ತು ಬೆನ್ನು ಬಿಗಿಯುತ್ತಿದ್ದರೆ, ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಬಗ್ಗೆ ಯೋಚಿಸಬೇಕು. ಪಾರ್ಕಿನ್‌ಸನ್‌ನ ಬಾಗುವಿಕೆ, ಪಾರ್ಶ್ವವಾಯುವಿನ ನಂತರ ಕೂತಲ್ಲೇ ಒಂದು ಕಡೆ ವಾಲುವುದು ಕೂಡ ಇದೇ ಸಾಲಿನವು. ಸೀರೆ, ಸಡಿಲ ಜುಬ್ಬಾದ ಮೇಲಿಂದ ಇವು ಕಾಣುವುದಿಲ್ಲ. ಪರದೆ, ಜೊತೆಗೊಬ್ಬ ಮಹಿಳಾ ಸಿಬ್ಬಂದಿ, ಮೊದಲೇ ಕೇಳಿ ಪಡೆದ ಒಪ್ಪಿಗೆ, ಇಷ್ಟಿದ್ದರೆ ಸಂಕೋಚವಿಲ್ಲದೆ ನೋಡಬಹುದು.

‘ತಲೆ ಸುತ್ತು’ ಎಂದು ಬಂದವರನ್ನು ನೇರವಾಗಿ ವ್ಯಾಯಾಮಕ್ಕೆ ಹಚ್ಚುವುದು ತಪ್ಪು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆ ಗಿರ್ರನೆ ತಿರುಗುವುದು ಒಂದು, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು ಇನ್ನೊಂದು. ಮೊದಲನೆಯದಕ್ಕೆ 1952ರ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಇದೆ. ಒಳಗಿವಿಯ ಕಣ ಜಾಗ ತಪ್ಪಿದ್ದರೆ ಎಪ್ಲೆ ವಿಧಾನದಲ್ಲಿ ತಲೆಯನ್ನು ಕ್ರಮವಾಗಿ ತಿರುಗಿಸಿ ಎಷ್ಟೋ ಸಲ ಒಂದೆರಡು ಭೇಟಿಯಲ್ಲೇ ಗುಣಪಡಿಸಬಹುದು. ಎರಡನೆಯದಕ್ಕೆ ಮಲಗಿಸಿ, ನಿಲ್ಲಿಸಿ ಬಿ.ಪಿ. ನೋಡಬೇಕು. ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಮಾತ್ರೆಗಳನ್ನು ವೈದ್ಯರು ಮತ್ತೆ ನೋಡಬೇಕಾಗುತ್ತದೆ. ಕನ್ನಡಕವನ್ನೂ ಮರೆಯಬಾರದು: ಬೈಫೋಕಲ್ ಗಾಜಿನ ಕೆಳಭಾಗದಿಂದ ಮೆಟ್ಟಿಲು ಮಸುಕಾಗಿ ಕಾಣುತ್ತದೆ.

ಈ ಎಲ್ಲ ವಿದ್ಯೆ ನಮ್ಮ ಸುತ್ತಲೇ ಇದೆ. ರಾಜ್ಯದ ಫಿಸಿಯೋಥೆರಪಿ ಪದವಿಗಳನ್ನು ಕೊಡುವ, 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದೇ ಜಯನಗರ 4ನೇ ಟಿ ಬ್ಲಾಕಿನಲ್ಲಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿದೆ. ಬಿದ್ದು ಮೂಳೆ ಮುರಿದವರು ಹೋಗುವ ಸಂಜಯ್ ಗಾಂಧಿ ಆಸ್ಪತ್ರೆ ಬೈರಸಂದ್ರದಲ್ಲಿದೆ. 2021ರ ರಾಷ್ಟ್ರೀಯ ಕಾಯ್ದೆಯಿಂದ ಫಿಸಿಯೋಥೆರಪಿ ವೃತ್ತಿಗೆ ಕಾನೂನಿನ ಚೌಕಟ್ಟೂ ಬಂದಿದೆ. ಕೊರತೆಯಿರುವುದು ಸಮಯಕ್ಕೆ. ಬರ್ಗ್ ಮಾಪನಕ್ಕೆ 15–20 ನಿಮಿಷ ಬೇಕು. ಅರ್ಧ ಗಂಟೆಗೊಬ್ಬರಂತೆ ಹಾಸಿಗೆ ತುಂಬುವ ಕೇಂದ್ರದಲ್ಲಿ ಆ ಹೊತ್ತು ಮಷಿನ್ ಹಚ್ಚುವುದಕ್ಕೆ ಹೋಗುತ್ತದೆ. ರೋಗಿಗಳೂ ಮಷಿನ್ನನ್ನೇ ಚಿಕಿತ್ಸೆ ಎಂದುಕೊಂಡಿದ್ದಾರೆ, ಅಳೆಯುವುದಕ್ಕೆ ಫೀಸು ಕೊಡಲು ಹಿಂಜರಿಯುತ್ತಾರೆ. ಹೀಗಾಗಬಾರದು, ಏಕೆಂದರೆ ಸಮತೋಲವನ್ನು ಪಳಗಿಸಬಹುದು. 108 ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ಮನೆಯಲ್ಲೇ ಇರುವ ಹಿರಿಯರಲ್ಲಿ ವ್ಯಾಯಾಮದಿಂದ ಬೀಳುವ ಪ್ರಮಾಣ ಶೇ 23ರಷ್ಟು ಇಳಿಯುತ್ತದೆ. ಯಾರಿಗೆ ಯಾವ ವ್ಯಾಯಾಮ ಎಂದು ತಿಳಿಯಲು ಮೊದಲು ಅಳೆಯಲೇಬೇಕು. ಮನೆಗೇ ಹೋಗಿ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್‌ಗಳು ಈ ಭಾಗದಲ್ಲಿ ಬೇಕಾದಷ್ಟಿದ್ದಾರೆ. ಬಚ್ಚಲು, ಹೊಸ್ತಿಲು, ರಾತ್ರಿ ಎದ್ದು ಹೋಗುವ ದಾರಿಯನ್ನು ನೋಡುವ ಅವಕಾಶ ಅವರಿಗಿರುವಷ್ಟು ದೊಡ್ಡ ಆಸ್ಪತ್ರೆಗೂ ಇಲ್ಲ.

ಹಿರಿಯರು ಬಿದ್ದದ್ದನ್ನು ಮುಚ್ಚಿಡುತ್ತಾರೆ. ಹೇಳಿದರೆ ಮಕ್ಕಳು ಹೊರಗೆ ಹೋಗಲು ಬಿಡುವುದಿಲ್ಲ ಎಂಬ ಭಯ. ಹೀಗಾಗಿ ನೀವೇ ಕೇಳಿ: ಈ ಒಂದು ವರ್ಷದಲ್ಲಿ ಎಲ್ಲಾದರೂ ಬಿದ್ದಿರಾ, ಬೀಳುವಂತಾಗಿತ್ತೇ, ಬೀಳುವ ಹೆದರಿಕೆಯಿಂದ ಏನನ್ನಾದರೂ ಬಿಟ್ಟಿದ್ದೀರಾ? ಒಂದಕ್ಕಾದರೂ ಹೌದು ಎಂದರೆ ಮೂಳೆ ಮುರಿಯುವವರೆಗೆ ಕಾಯದೆ ಫಿಸಿಯೋಥೆರಪಿಸ್ಟ್ ಬಳಿ ಕರೆದೊಯ್ಯಿರಿ, ಸಮತೋಲವನ್ನು ಪರೀಕ್ಷಿಸಿ ಎಂದು ಬಾಯಿಬಿಟ್ಟು ಕೇಳಿ. ಹೋಗುವಾಗ ಅವರು ದಿನವೂ ಹಾಕುವ ಚಪ್ಪಲಿ, ಕೋಲು, ಕನ್ನಡಕ ಮತ್ತು ನುಂಗುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ.